ಬೆಳಗಾಗುವವರೆಗೆ ಹಾಡಿನ ವಾದ

ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ-ಚೆನ್ನೈ ಹಾದಿಯನ್ನು ಬಿಟ್ಟು ಸಿಕಂದರಾಬಾದಿನ ಕಡೆಗೆ ಹೊರಳುವ ರೈಲುಗಾಡಿಯಲ್ಲಿ ಕುಳಿತವರಿಗೆ ಚಿತ್ತಾಪುರ, ಮಳಖೇಡ, ಸೇಡಂ ಎಂಬ ನಿಲ್ದಾಣಗಳು ಒಂದರ ಹಿಂದೊಂದು ಎದುರಾಗುವುವು. ಕಿಟಕಿಯಿಂದ ಕಾಣುವುದೇನು? ಸುಣ್ಣಗಲ್ಲಿನ ಗಣಿಗಳು, ಸಿಮೆಂಟು ಕಾರಖಾನೆಗಳ ಚಿಮಣಿಗಳು, ಅವುಗಳ ನಡುನಡುವೆ ತೊಗರಿಯ ಹೊಲಗಳು. ವಾಚಕರಲ್ಲಿ ಅನೇಕರ ಮನೆಯ ನೆಲಕ್ಕೆ ಹಾಸಿದ ಶಹಾಬಾದಿ ಕಲ್ಲು ಈ ಸೀಮೆಯದೇ. ಕಲ್ಲಿನ ಪರಿಚಯವಿರುವ ನಮಗೆ ಈ ಸೀಮೆಯ ಕೊರಳಿನ ಪರಿಚಯವಿಲ್ಲದಿರುವುದು ಸೋಜಿಗವೇ ಸರಿ.

ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಕನ್ನಡ ನಾಡಿನ ಜನರು ಓದು ಬಾರದಿದ್ದರೂ ಕಾವ್ಯ ಕಟ್ಟುವುದರಲ್ಲಿ ನಿಪುಣರೆಂದು ಹೊಗಳಿರುವುದು ಸರ್ವವಿದಿತ. ಚಿತ್ತಾಪುರಕ್ಕೆ ಹೊಂದಿರುವ ನಾಗಾವಿಯಲ್ಲಿ ಘಟಿಕಾಸ್ಥಾನವೊಂದಿದ್ದು, ಪುಸ್ತಕಭಂಡಾರವನ್ನು ನೋಡಿಕೊಳ್ಳುವವರಿಗೂ ಅಲ್ಲಿ ಉಂಬಳಿಯಿದ್ದ ಸಂಗತಿಯನ್ನು ಕ್ರಿ. ಶ. ೧೦೫೮ರ ಶಾಸನವು ತಿಳಿಸುವುದು. ಇದೆಲ್ಲವನ್ನೂ ಪಂಡಿತರು ಸಭೆಗಳಲ್ಲಿ ಹೇಳಿ ಚಪ್ಪಾಳೆ ಪಡೆಯುವುದುಂಟು. ಆದರೆ ಓದದವರ ಕಾವ್ಯವನ್ನು ಕಣ್ಣಾರೆ ಕಾಣಬೇಕೆನ್ನುವವರು ಸಭೆಯನ್ನು ಬಿಟ್ಟು, ಜಾತ್ರೆಯ ರಾತ್ರಿ ಊಟ ತೀರಿಸಿ, ಕಂಬಳಿ ಹೊದ್ದು, ಊರ ಕಟ್ಟೆಯ ಮುಂದೆ ಕೂಡಬೇಕು.

ಈಚೆಗೆ ಪಟ್ಟಣಗಳ ತರುಣರಲ್ಲಿ ‘ಪೊಯೆಟ್ರಿ ಸ್ಲ್ಯಾಮ್’ ಎಂಬ ಕವಿತೆಯ ಪಂದ್ಯವು ಬಹಳ ಪ್ರಿಯವಾಗಿದೆ. ೧೯೮೬ನೆಯ ಇಸವಿಯಲ್ಲಿ ಅಮೇರಿಕೆಯ ಶಿಕಾಗೋ ನಗರದ ಒಂದು ಪಾನಗೃಹದಲ್ಲಿ, ಕಟ್ಟಡದ ಕೆಲಸ ಮಾಡಿಕೊಂಡಿದ್ದ ಮಾರ್ಕ್ ಸ್ಮಿತ್ ಎಂಬಾತನು ಇದಕ್ಕೆ ರೂಪ ಕೊಟ್ಟನು. ಕವಿಗೆ ಮೂರು ನಿಮಿಷದ ಅವಧಿ. ಕೇಳಲು ಬಂದವರೊಳಗಿಂದಲೇ ಆರಿಸಿದ ಐವರು ತೀರ್ಪುಗಾರರು. ಸೊನ್ನೆಯಿಂದ ಹತ್ತರವರೆಗೆ ಅಂಕಗಳು. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದುದನ್ನು ಕೂಡಿಸುವುದು. ಪಂಡಿತರ ಮುಂದೆ ಸತ್ತಂತೆ ಬಿದ್ದಿದ್ದ ಕವಿತೆಯನ್ನು ಜನರ ಕಿವಿಗೆ ತರಬೇಕೆಂಬುದೇ ಆತನ ಹಟ. ಹಟ ಒಳ್ಳೆಯದೇ. ಆದರೆ ಇದನ್ನು ಕಲಿಯಲು ಕಲಬುರ್ಗಿ ಜಿಲ್ಲೆಯವರು ಶಿಕಾಗೋಗೆ ಹೋಗಬೇಕಾದುದಿಲ್ಲ.

ನಮ್ಮ ಕಡೆಯ ಪಂದ್ಯಕ್ಕೆ ಹರದೇಶಿ-ನಾಗೇಶಿಯೆಂದು ಹೆಸರು. ಕಟ್ಟೆಯ ಮೇಲೆ ಎರಡು ಮೇಳಗಳು. ಪ್ರತಿಯೊಂದರಲ್ಲಿ ದಪ್ಪು ಹಿಡಿದ ಮುಖ್ಯ ಹಾಡುಗಾರನೊಬ್ಬ. ತುಂತುಣಿ ಮತ್ತು ತಾಳಗಳೊಡನೆ ಹಿಂದಿನಿಂದ ‘ಗೀ ಗೀ’ ಎಂದು ದನಿಗೂಡಿಸುವವರಿಬ್ಬರು. ಹರದೇಶಿಯವರದು ತುರಾಯಿಯ ಪಕ್ಷ: ಶಿವನು ಹೆಚ್ಚು, ಪುರುಷನು ಹೆಚ್ಚು. ನಾಗೇಶಿಯವರದು ಕಲ್ಗಿಯ ಪಕ್ಷ: ಶಕ್ತಿಯು ಹೆಚ್ಚು, ಹೆಣ್ಣು ಹೆಚ್ಚು. ಮೊದಲು ಸ್ತುತಿಯಾಗುವುದು. ಬಳಿಕ ಒಂದು ಮೇಳವು ಪುರಾಣದೊಳಗಿನ ಗಂಟೊಂದನ್ನು ಹಾಡಿನಲ್ಲಿಯೇ ಕಟ್ಟಿ ಎದುರಿನವರ ಮುಂದೆ ಎಸೆಯುವುದು, ಅದೇ ಸವಾಲು. ಜವಾಬೂ ಹಾಡಿನಲ್ಲಿಯೇ ಬರಬೇಕು. ಪಲ್ಲ, ನುಡಿ, ಚಾಲ, ಏರು ಎಂಬ ಕಟ್ಟು ತಪ್ಪಬಾರದು. ಪುರಾಣದ ಆಧಾರ ಕೊಟ್ಟರೂ ತಾಳ ಕೆಟ್ಟರೆ ಜನ ನಗುವರು. ತಾಳ ಕೂಡಿಯೂ ಉತ್ತರ ಜಾರಿಕೊಂಡರೆ ಇನ್ನೂ ಹೆಚ್ಚು ನಗುವರು. ಇಲ್ಲಿ ಅಂಕದ ಹಲಗೆಯಿಲ್ಲ. ಮೆಚ್ಚಿದವರು ಎದ್ದು ಬಂದು ಇನಾಮು ಕೊಡುವರು. ಮುಂದೆ ಕುಳಿತ ಮುದುಕರು ತಲೆದೂಗಿದರೋ ಇಲ್ಲವೋ ಎಂಬುದೇ ತೀರ್ಪು.

ಈ ಕಾಲೇಜುರಹಿತ ಕವಿಗಳ ಪದಗಳನ್ನು ವಿದ್ಯಾವಂತರ ಕಣ್ಣಿಗೆ ತೋರಿಸಿದವರು ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ೧೯೩೧ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನೂ, ತರುವಾಯ ಲಾವಣಿಗಳ ಸಂಗ್ರಹವಾದ ‘ಜೀವನ ಸಂಗೀತ’ವನ್ನೂ ಹೊರತಂದರು. ಅಚ್ಚಾದ ಲಾವಣಿ ಓದಲು ಸೊಗಸು. ಆದರೆ ಎದುರಾಳಿಯಿಲ್ಲದ ಲಾವಣಿ ಅರ್ಧ ಲಾವಣಿ ಎಂಬುದು ನಮ್ಮ ಅಭಿಪ್ರಾಯ.

ಚಿಕ್ಕಂದಿನಲ್ಲಿ ಸೇಡಂ ತಾಲೂಕಿನ ಒಂದು ಹಳ್ಳಿಯಲ್ಲಿ ಕೇಳಿದ ಹಾಡಿಕೆಯೊಂದು ಇಂದಿಗೂ ನಮ್ಮ ನೆನಪಿನಲ್ಲಿದೆ. ನಾಗೇಶಿಯ ಪಕ್ಷದಲ್ಲಿ ಹಾಡುತ್ತಿದ್ದವಳು ನಡುವಯಸ್ಸಿನ ಹೆಂಗಸು. ಮಧ್ಯರಾತ್ರಿ ಕಳೆದಿತ್ತು. ಮಗನ ಕೈಯಿಂದಲೇ ರೇಣುಕೆಯ ತಲೆ ಕಡಿಸಿದ ಜಮದಗ್ನಿಯ ಕಥೆಯನ್ನೆತ್ತಿ, ಗಂಡನ ಮಾತಿನ ಮುಂದೆ ಹೆಣ್ಣಿನ ಬಲವೆಷ್ಟೆಂದು ಹರದೇಶಿಯವನು ಕೇಳಿದನು. ಗಂಡಸರೆಲ್ಲ ಹೋ ಎಂದರು. ಆಕೆ ದಪ್ಪನ್ನು ಬೆಂಕಿಗೆ ಹಿಡಿದು ಕಾಸಿಕೊಳ್ಳುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅನಂತರ ಎದ್ದು, ಕಡಿಸಿದವನ ಗುಡ್ಡಕ್ಕೆ ಬೇವು ಉಟ್ಟು ಯಾರು ಹೋಗುವರು, ಕಡಿಸಿಕೊಂಡವಳ ಗುಡ್ಡಕ್ಕೆ ಯಾರು ಹೋಗುವರು, ಎಣಿಸಿ ಹೇಳೆಂದು ಹಾಡಿದಳು. ಕಾಶಿಯಲ್ಲಿ ಅನ್ನಪೂರ್ಣೆಯ ಮುಂದೆ ಶಿವನು ಕೈಯೊಡ್ಡಿದುದನ್ನೂ, ಅನಸೂಯೆಯ ಮುಂದೆ ತ್ರಿಮೂರ್ತಿಗಳು ಕೂಸುಗಳಾದುದನ್ನೂ ಅದರ ಬೆನ್ನಿಗೆ ಪೋಣಿಸಿದಳು. ಹೆಂಗಸರು ಕುಳಿತಿದ್ದ ಕಡೆಯಿಂದ ಎದ್ದ ನಗೆಯನ್ನು ನಾವು ಮರೆತಿಲ್ಲ.

ನಮ್ಮ ಪಕ್ಕದಲ್ಲಿದ್ದ ಮುತ್ಯಾ ಗೊಣಗಿದನು: “ಬಾಯಿ ಬಾಳ ಅದ ಅಕಿಂದು.”

“ಬಾಯಿ ಅಲ್ಲ, ಖರೆ ಅದ,” ಎಂದಳು ಆಯಿ.

ಬೆಳಗಾಯಿತು. ಶಿವನಿಲ್ಲದೆ ಶಕ್ತಿಯಿಲ್ಲ, ಶಕ್ತಿಯಿಲ್ಲದೆ ಶಿವನಿಲ್ಲವೆಂದು ಎರಡೂ ಮೇಳಗಳು ಕೂಡಿ ಮಂಗಳ ಹಾಡಿದರು. ರಾತ್ರಿ ಇನಾಮು ಕೊಟ್ಟವರೇ ಮುಂಜಾನೆ ಗಂಡಸರಿಗೆ ಪಡಸಾಲೆಯಲ್ಲಿ ಚಹಾ ಕೊಟ್ಟು, ಆಕೆಗೆ ಮಾತ್ರ ಕಟ್ಟೆಯ ಮೇಲೆಯೇ ಕಳಿಸಿದರು. ಇಂತಹ ಹಾಡುಗಾರ್ತಿಯರಲ್ಲಿ ಅನೇಕರು ದೇವರ ಹೆಸರಿನಲ್ಲಿ ಬಿಟ್ಟ ಮನೆತನಗಳಿಂದ ಬಂದವರು. ಹಾಗೆ ಬಿಡುವುದನ್ನು ನಮ್ಮ ರಾಜ್ಯವು ೧೯೮೨ರ ಕಾಯಿದೆಯಿಂದ ನಿಷೇಧಿಸಿತು. ಹೊಸ್ತಿಲಿನ ನಿಷೇಧವನ್ನು ತೆಗೆಯಲು ಕಾಯಿದೆ ಸಾಲದು. ಆಯಿ ಯಾರಿಗೂ ಏನೂ ಹೇಳಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗಿ ಆಕೆಯ ಮಗ್ಗುಲಲ್ಲಿ ಕುಳಿತು, ಆಕೆಯೊಡನೆಯೇ ಉಂಡಳು. ರೇಣುಕೆಯ ನುಡಿಯನ್ನು ಎರಡು ಸಲ ಹೇಳಿಸಿಕೊಂಡಳು. ಮುಂದೆ ಬೀಸುಕಲ್ಲಿನ ಮುಂದೆ ಕುಳಿತಾಗಲೆಲ್ಲ ಅದೇ ಹಾಡು. ಮುತ್ಯಾ ಕೇಳಿಯೂ ಕೇಳದವನಂತೆ ಇರುತ್ತಿದ್ದನು.

ಇರಲಿ. ಈ ಸೀಮೆಯ ಪಂದ್ಯ ಇದೊಂದೇ ಅಲ್ಲ. ಮೊಹರಮ್ಮಿನಲ್ಲಿ ಅಲಾವಿಯ ಸುತ್ತ ರಿವಾಯತ್ ಪದಗಳನ್ನು ಹಾಡುವ ಮೇಳಗಳು ಕರ್ಬಲಾದ ಕಥೆಯನ್ನು ಕನ್ನಡದಲ್ಲಿಯೇ ಹಾಡುವುವು. ಹಾಡುವವರಲ್ಲಿ ಹಿಂದೂ ಯಾರು, ಮುಸಲ್ಮಾನ ಯಾರೆಂದು ಕೇಳುವುದು ಅಲ್ಲಿ ಅಸಭ್ಯತೆ. ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳ ಭಜನೆಯಂತೂ ಇಡೀ ರಾತ್ರಿಯದು. ಉರ್ದು ಮುಶಾಯಿರಾದಲ್ಲಿ ಒಂದು ಪಂಕ್ತಿಯನ್ನು ಮೊದಲೇ ಕೊಟ್ಟು, ಅದೇ ಅಳತೆಯಲ್ಲಿ ಗಜಲ್ ಕಟ್ಟಿ ತರಹೇಳುವುದುಂಟು. ನಮ್ಮ ಅವಧಾನಿಗಳ ಸಮಸ್ಯಾಪೂರಣದ ನಂಟು ಅದು. ಮೆಚ್ಚಿದರೆ ‘ಮುಕರ್ರರ್’ ಎಂದು ಮತ್ತೊಮ್ಮೆ ಓದಿಸುವರು. ೧೯೪೮ರವರೆಗೆ ನಿಜಾಮನ ಆಳಿಕೆಯಲ್ಲಿದ್ದ ಈ ತಾಲೂಕುಗಳಲ್ಲಿ ಕಚೇರಿಯ ಭಾಷೆ ಉರ್ದು. ಕನ್ನಡವು ಕಾಗದದ ಮೇಲೆ ಕೃಶವಾಗಿದ್ದ ದಿನಗಳಲ್ಲಿ ಅದನ್ನು ಬಾಯಿಂದ ಬಾಯಿಗೆ ದಾಟಿಸಿದವರು ಈ ಹಾಡುಗಾರರು. ೧೯೨೮ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರ್ಗಿಯಲ್ಲಿ ಸಾಹಿತ್ಯ ಸಮ್ಮೇಳನ ನೆರೆಯುವುದಕ್ಕೆ ಮುಂಚೆಯೂ ಕಟ್ಟೆಗಳ ಮೇಲೆ ಸಮ್ಮೇಳನ ನಡೆದೇ ಇತ್ತು.

ಈಗ ತಾಲೂಕುಗಳಲ್ಲಿ ರಾಜ್ಯೋತ್ಸವಕ್ಕೆ ಕವಿಗೋಷ್ಠಿಗಳಾಗುವುವು. ಸಂತೋಷ. ಆದರೆ ಅಲ್ಲಿ ತನ್ನ ಕವಿತೆ ಓದಿದ ಕವಿ ಮುಂದಿನವನದನ್ನು ಕೇಳದೆ ಬಸ್ಸಿಗೆ ಹೊರಡುವುದನ್ನು ನಾವು ಬಹಳ ಸಲ ಕಂಡಿದ್ದೇವೆ. ಹಾಡಿಕೆಯಲ್ಲಿ ಎದುರಿನವನನ್ನು ಕೇಳದಿದ್ದರೆ ಬಾಯಿ ತೆರೆಯಲು ಬಾರದು. ಗೋಷ್ಠಿಯವರು ಒಂದು ವರ್ಷ ಕವಿಗಳನ್ನು ಜೋಡಿ ಜೋಡಿಯಾಗಿ ಕೂಡಿಸಿ, ಒಬ್ಬರ ಕವಿತೆಗೆ ಇನ್ನೊಬ್ಬರಿಂದ ಜವಾಬು ಹೇಳಿಸಿ ನೋಡಬಾರದೇ? ನಾಗೇಶಿಯ ಪಕ್ಷಕ್ಕೆ ಕಾಲೇಜಿನ ಹುಡುಗಿಯರ ಕೊರತೆಯಾಗಲಾರದು.

ಚಿಂಚೋಳಿಗೆ ರೈಲಿಲ್ಲ, ಬಸ್ಸಿನಲ್ಲಿ ಹೋಗಬೇಕು. ಉಳಿದ ಊರುಗಳಿಗೆ ರೈಲುಂಟು. ತೊಗರಿ ಮನೆಗೆ ಬಂದ ಮೇಲೆ, ಜಾತ್ರೆಗಳ ದಿನಗಳಲ್ಲಿ, ಆ ಕಡೆಯ ಬಂಧುಗಳಿಂದ ಹಾಡಿಕೆಗೆ ಕರೆ ಬಂದರೆ ವಾಚಕರು ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ಮೊದಲ ಎರಡು ತಾಸು ಸ್ತುತಿಯಲ್ಲಿ, ಪೀಠಿಕೆಯಲ್ಲಿ ಕಳೆಯುವುದರಿಂದ ಬೇಸರಪಡಬಾರದು. ನಿಜವಾದ ಸವಾಲು ಬೀಳುವುದು ಹನ್ನೆರಡರ ಮೇಲೆಯೇ.