ಹೊರಗೆ ಕಳಿಸುವ ಮುನ್ನ: ಕಬಡ್ಡಿ ಅಂಕಣದ ಶಿಸ್ತು ಮತ್ತು ಪ್ರಶಿಕ್ಷಣಾರ್ಥಿ ತೀರ್ಪುಗಾರ

ಬೋಧನಾಭ್ಯಾಸಕ್ಕೆಂದು ಶಾಲೆಗೆ ಹೋದ ಪ್ರಶಿಕ್ಷಣಾರ್ಥಿಯ ಕೈಗೆ ಸೀಮೆಸುಣ್ಣದ ಹಿಂದೆಯೇ ಸೀಟಿಯೂ ಬರುತ್ತದೆ. ದೈಹಿಕ ಶಿಕ್ಷಕರಿಲ್ಲದ ಶಾಲೆಯಲ್ಲಿ ಇದು ಇನ್ನೂ ಬೇಗ. ಕ್ರೀಡಾಕೂಟದ ತಯಾರಿಯ ದಿನಗಳಲ್ಲಿ "ಸರ್, ನೀವ ಅಂಪೈರ್ ಆಗ್ರಿ" ಎಂದು ಮಕ್ಕಳೇ ಎಳೆದುಕೊಂಡು ಹೋಗುತ್ತಾರೆ. ಪಾಠಯೋಜನೆಗೆ ನಾವು ವಾರಗಟ್ಟಲೆ ಸಿದ್ಧರಾಗುತ್ತೇವೆ; ಸೀಟಿ ಹಿಡಿಯುವುದಕ್ಕೆ ಒಂದು ದಿನವೂ ಸಿದ್ಧರಾಗುವುದಿಲ್ಲ. ಆಟದಲ್ಲಿ ಅನುಚಿತವಾಗಿ ನಡೆದುಕೊಂಡ ಆಟಗಾರನನ್ನು ತೀರ್ಪುಗಾರರು ಹೇಗೆ ನಿಭಾಯಿಸುತ್ತಾರೆ, ಅದರಿಂದ ತರಗತಿಯ ಶಿಕ್ಷಕರು ಕಲಿಯಬಹುದಾದದ್ದೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಒಂದು ಸನ್ನಿವೇಶ

ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಂಥ ಊರಿನ ಒಂದು ಶಾಲೆಯ ಅಂಗಳವನ್ನು ಕಲ್ಪಿಸಿಕೊಳ್ಳಿ. ಸುಣ್ಣದ ಗೆರೆ ಎಳೆದ ಅಂಕಣ, ಎಂಟನೆಯ ತರಗತಿಯ ಹುಡುಗರ ಕಬಡ್ಡಿ. ದಾಳಿಗೆ ಹೋದ ಹುಡುಗ ಎದುರಾಳಿಯೊಬ್ಬನನ್ನು ಮುಟ್ಟಿ ಬಂದೆನೆಂದು ಕೈ ಎತ್ತುತ್ತಾನೆ. ನೀವು ಮುಟ್ಟಿಲ್ಲವೆಂದು ತೀರ್ಪು ಕೊಡುತ್ತೀರಿ. ಹುಡುಗ ನೆಲದ ಮಣ್ಣು ಬಾಚಿ ಎಸೆಯುತ್ತಾನೆ, ಬೆರಳು ತೋರಿಸಿ "ನೀವು ಅವರ ಕಡೆ ಅದೀರಿ" ಎಂದು ಕೂಗುತ್ತಾನೆ. ಸುತ್ತ ನಿಂತ ನೂರು ಮಕ್ಕಳ ಕಣ್ಣು ನಿಮ್ಮ ಮೇಲೆ.

ಇಂಥ ಹೊತ್ತಿನಲ್ಲಿ ಹೊಸ ಶಿಕ್ಷಕರು ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಒಂದು, ಹುಡುಗನ ಕಿವಿ ಹಿಂಡುವುದು. ಎರಡು, "ನಡಿ ಹೊರಗ, ನಾಳಿಂದ ನೀ ಆಡಾಂಗಿಲ್ಲ" ಎಂದು ಅಬ್ಬರಿಸುವುದು. ಮೂರು, ಏನೂ ಕೇಳಿಸಲಿಲ್ಲವೆಂಬಂತೆ ಆಟ ಮುಂದುವರಿಸುವುದು. ಮೊದಲನೆಯದು ಕಾನೂನಿಗೆ ವಿರುದ್ಧ. ಎರಡನೆಯದಕ್ಕೆ ಅಳತೆಯಿಲ್ಲ. ಮೂರನೆಯದು ಇನ್ನುಳಿದ ಹದಿಮೂರು ಆಟಗಾರರಿಗೆ ಮಾಡುವ ಅನ್ಯಾಯ. ಕಬಡ್ಡಿಯ ನಿಯಮದಲ್ಲಿ ನಾಲ್ಕನೆಯ ದಾರಿಯೊಂದಿದೆ.

ಮೂರು ಬಣ್ಣದ ಮೆಟ್ಟಿಲು

ಒಂದು ಪಂದ್ಯವನ್ನು ಆರು ಮಂದಿ ನಡೆಸುತ್ತಾರೆ: ಒಬ್ಬ ರೆಫರಿ, ಇಬ್ಬರು ಅಂಪೈರ್‌ಗಳು, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್‌ಗಳು. ತಪ್ಪು ನಡವಳಿಕೆಗೆ ಎಚ್ಚರಿಕೆ ಕೊಡುವ, ಎದುರು ತಂಡಕ್ಕೆ ಅಂಕ ನೀಡುವ, ಆಟಗಾರನನ್ನು ತಾತ್ಕಾಲಿಕವಾಗಿ ಹೊರಗಿಡುವ, ಪೂರ್ಣವಾಗಿ ಹೊರಹಾಕುವ ಅಧಿಕಾರ ನಿಯಮದಲ್ಲಿದೆ. ಇದನ್ನು ತೋರಿಸುವುದು ಮೂರು ಕಾರ್ಡುಗಳಿಂದ.

ಹಸಿರು ಕಾರ್ಡ್ ಎಂದರೆ ಎಚ್ಚರಿಕೆ. ಹಳದಿ ಕಾರ್ಡ್ ಎಂದರೆ 2 ನಿಮಿಷ ಅಂಕಣದ ಹೊರಗೆ. ಅಷ್ಟು ಹೊತ್ತು ತಂಡ ಒಬ್ಬ ಆಟಗಾರ ಕಡಿಮೆಯಾಗಿ ಆಡಬೇಕು. ಕೆಂಪು ಕಾರ್ಡ್ ಎಂದರೆ ಆ ಪಂದ್ಯದಿಂದಲೇ ಹೊರಗೆ. ಎಚ್ಚರಿಕೆ ಪಡೆದೂ ಮತ್ತೆ ಮತ್ತೆ ತಪ್ಪು ಮಾಡುವವನು ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಏರುತ್ತಾನೆ. ಕಾರ್ಡ್ ಆಟಗಾರನಿಗೆ ಮಾತ್ರವಲ್ಲ, ತರಬೇತುದಾರನಿಗೂ ವ್ಯವಸ್ಥಾಪಕನಿಗೂ ಬೀಳಬಹುದು.

ಯಾವ ವರ್ತನೆಗೆ ಶಿಕ್ಷೆ ಎಂಬುದನ್ನೂ ನಿಯಮ ಹೆಸರಿಸಿ ಹೇಳುತ್ತದೆ. ತೀರ್ಪಿನ ಬಗ್ಗೆ ಅಧಿಕಾರಿಗಳ ಜೊತೆ ಪದೇ ಪದೇ ವಾದಿಸುವುದು, ಅವರ ಬಗ್ಗೆ ಹೀನವಾಗಿ ಮಾತಾಡುವುದು, ತೀರ್ಪಿಗಾಗಿ ಬೆರಳು ತೋರಿಸಿ ಒತ್ತಾಯಿಸುವುದು, ದಾಳಿಗಾರನ ಬಾಯಿ ಮುಚ್ಚುವುದು ಅಥವಾ ಕುತ್ತಿಗೆ ಅದುಮುವುದು, ಗಾಯವಾಗುವಷ್ಟು ಒರಟಾಗಿ ಹಿಡಿಯುವುದು, ಕಾಲುಗಳಿಂದ ಕತ್ತರಿ ಹಿಡಿತ ಹಾಕುವುದು, ಹೊರಗಿನಿಂದ ಆಟ ಹೇಳಿಕೊಡುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ಗಮನಿಸಿ: "ಉದ್ಧಟ ಹುಡುಗ", "ಕೆಟ್ಟ ಹುಡುಗ" ಎಂಬ ಮಾತು ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ನಿಯಮ ಎಣಿಸುವುದು ಕೃತ್ಯಗಳನ್ನು, ವ್ಯಕ್ತಿಗಳನ್ನಲ್ಲ.

ಕಾರ್ಡ್ ಹುಟ್ಟಿದ್ದು ಹೇಗೆ?

ಕಾರ್ಡಿನ ಪದ್ಧತಿ ಫುಟ್‌ಬಾಲಿನಿಂದ ಬಂದದ್ದು. 1966ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ನಡುವಿನ ಕ್ವಾರ್ಟರ್‌ಫೈನಲ್ ಲಂಡನ್ನಿನ ವೆಂಬ್ಲಿಯಲ್ಲಿ ನಡೆಯಿತು. ಜರ್ಮನಿಯ ರೆಫರಿ ಅರ್ಜೆಂಟೀನಾದ ನಾಯಕ ಆಂಟೋನಿಯೊ ರಾಟಿನ್‌ನನ್ನು ಹೊರಗೆ ಕಳಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ರಾಟಿನ್ ಮೈದಾನ ಬಿಡಲು ಒಪ್ಪದೆ ಆಟ ನಿಂತೇಹೋಯಿತು. ರೆಫರಿಗಳ ಹೊಣೆ ಹೊತ್ತಿದ್ದ ಇಂಗ್ಲೆಂಡಿನ ಕೆನ್ ಆಸ್ಟನ್ ಅವರಿಗೆ ಮುಂದೆ ಸಂಚಾರ ದೀಪವನ್ನು ಕಂಡಾಗ ಬಣ್ಣದ ಕಾರ್ಡಿನ ಯೋಚನೆ ಹೊಳೆಯಿತು. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಹಳದಿ, ಕೆಂಪು ಕಾರ್ಡುಗಳು ಬಳಕೆಗೆ ಬಂದವು.

ಇಲ್ಲಿ ಶಿಕ್ಷಕರಿಗೊಂದು ಪಾಠವಿದೆ. ಕಾರ್ಡಿಗೆ ದನಿ ಏರಿಸುವ ಅಗತ್ಯವಿಲ್ಲ. ಅದು ಬೈಯುವುದಿಲ್ಲ, ಹಂಗಿಸುವುದಿಲ್ಲ, ಮನೆತನದ ಮಾತು ತೆಗೆಯುವುದಿಲ್ಲ. ಏನಾಯಿತು ಎಂಬುದು ಆಟಗಾರನಿಗೂ, ಎದುರು ತಂಡಕ್ಕೂ, ನೋಡುವವರಿಗೂ ಒಮ್ಮೆಗೇ ತಿಳಿಯುತ್ತದೆ.

ಬೇರೆ ಆಟಗಳಲ್ಲಿ

ನಮ್ಮ ಶಾಲೆಗಳಲ್ಲಿ ವಾಲಿಬಾಲ್ ಕೂಡ ಆಡಿಸುತ್ತೇವೆ. ಅಲ್ಲಿ ಬಣ್ಣಗಳ ಅರ್ಥವೇ ಬೇರೆ. ಹಳದಿ ಕಾರ್ಡ್ ಬರೀ ಎಚ್ಚರಿಕೆ. ಕೆಂಪು ಕಾರ್ಡ್ ತೋರಿಸಿದರೆ ಎದುರಾಳಿಗೆ ಒಂದು ಅಂಕ. ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ತೋರಿಸಿದರೆ ಆ ಸೆಟ್‌ನಿಂದ ಹೊರಗೆ. ಎರಡು ಕೈಯಲ್ಲಿ ಒಂದೊಂದು ಹಿಡಿದು ತೋರಿಸಿದರೆ ಪಂದ್ಯದಿಂದಲೇ ಹೊರಗೆ. ಕಬಡ್ಡಿಯ ಕೆಂಪನ್ನು ನೆನೆದು ವಾಲಿಬಾಲ್ ಹುಡುಗಿಯನ್ನು ಮನೆಗೆ ಕಳಿಸಿದರೆ ಅದು ತೀರ್ಪುಗಾರರ ತಪ್ಪು. ಹೀಗಾಗಿ ಆಟ ಶುರುವಾಗುವ ಮೊದಲೇ ಮಕ್ಕಳಿಗೆ ಕಾರ್ಡುಗಳ ಅರ್ಥ ಹೇಳಿರಬೇಕು. ಗೊತ್ತಿಲ್ಲದ ನಿಯಮದಡಿ ಕೊಟ್ಟ ಶಿಕ್ಷೆ ಮಗುವಿಗೆ ಸಿಟ್ಟಿನಂತೆಯೇ ಕಾಣುತ್ತದೆ.

ಕ್ರಿಕೆಟ್ಟಿನಲ್ಲಿ ಆಟಗಾರನನ್ನು ಹೊರಗೆ ಕಳಿಸುವ ನಿಯಮ ಬಹುಕಾಲ ಇರಲಿಲ್ಲ. 2017ರಲ್ಲಿ ಎಂಸಿಸಿ ಹೊರತಂದ ನಿಯಮಾವಳಿಯ 42ನೆಯ ನಿಯಮ ಅನುಚಿತ ವರ್ತನೆಯನ್ನು ನಾಲ್ಕು ಹಂತವಾಗಿ ವಿಂಗಡಿಸಿತು. ಕೆಳಗಿನ ಹಂತಗಳಲ್ಲಿ ಎಚ್ಚರಿಕೆ ಮತ್ತು 5 ರನ್ನುಗಳ ದಂಡ. ಮೂರನೆಯದರಲ್ಲಿ ಕೆಲವು ಓವರ್‌ಗಳ ಮಟ್ಟಿಗೆ ಹೊರಗೆ. ನಾಲ್ಕನೆಯದರಲ್ಲಿ ಪಂದ್ಯದಿಂದ ಹೊರಗೆ. ಇಲ್ಲಿ ಅಂಪೈರ್‌ಗಳು ಮೊದಲು ತಮ್ಮಲ್ಲಿ ಸಮಾಲೋಚಿಸುತ್ತಾರೆ. ಆಮೇಲೆ, ಆ ಆಟಗಾರನನ್ನು ಹೊರಗೆ ಕಳಿಸುವಂತೆ ಅವನ ತಂಡದ ನಾಯಕನಿಗೇ ಸೂಚಿಸುತ್ತಾರೆ. ಸಿಟ್ಟಾದವನ ಎದುರು ನೇರವಾಗಿ ನಿಲ್ಲದೆ ಅವನವರ ಮೂಲಕವೇ ಹೇಳಿಸುವ ಈ ಕ್ರಮ ಬಹಳ ಜಾಣತನದ್ದು.

ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಹೊರಹಾಕಲ್ಪಟ್ಟವನು ಮೈದಾನದಿಂದ ಕಾಣದಷ್ಟು, ಅವನ ದನಿ ಕೇಳದಷ್ಟು ದೂರ ಹೋಗಬೇಕು. ಅಲ್ಲಿ ಆಡುವವರು ವಯಸ್ಕರು. ನಮ್ಮ ಎದುರಿಗಿರುವವರು ಹದಿಮೂರು ವರ್ಷದ ಮಕ್ಕಳು. ಈ ವ್ಯತ್ಯಾಸವನ್ನು ಮರೆಯುವಂತಿಲ್ಲ.

ಸೀಟಿ ಹಿಡಿದವರು ಶಿಕ್ಷಕರೂ ಹೌದು

ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅಂಗಳವೂ ಶಾಲೆಯೇ. ಬಿಸಿಲಲ್ಲಿ ನಿಲ್ಲಿಸುವುದು, ಅಂಗಳದ ಸುತ್ತ ಓಡಿಸುವುದು, ಎಲ್ಲರೆದುರು ಬಸ್ಕಿ ಹೊಡೆಸುವುದು ಯಾವ ಆಟದ ನಿಯಮಪುಸ್ತಕದಲ್ಲಿಯೂ ಇಲ್ಲ. ಹಳದಿ ಕಾರ್ಡ್ ಹೇಳುವುದು 2 ನಿಮಿಷ ಮಾತ್ರ. ಮೂರನೆಯ ನಿಮಿಷಕ್ಕೆ ಹುಡುಗ ಒಳಗೆ ಬರಲೇಬೇಕು, ನಾವೇ ಕರೆಯಬೇಕು. ಶಿಕ್ಷೆ ಮುಗಿಯುವ ಹೊತ್ತು ಮೊದಲೇ ಗೊತ್ತಿರುವುದು ಈ ಪದ್ಧತಿಯ ದೊಡ್ಡ ಗುಣ. "ನಾಳಿಂದ ನೀ ಆಡಾಂಗಿಲ್ಲ" ಎಂಬ ಮಾತಿಗೆ ಕೊನೆಯೇ ಇಲ್ಲ.

ಕೆಂಪು ಕಾರ್ಡ್ ಪಡೆದ ಮಗುವನ್ನು ಒಂಟಿಯಾಗಿ ಬಿಡಬಾರದು. ಸಿಟ್ಟು, ಅವಮಾನ ಎರಡೂ ಕುದಿಯುವ ಹೊತ್ತದು. ಇನ್ನೊಬ್ಬ ಶಿಕ್ಷಕರ ಅಥವಾ ಜೊತೆಯ ಪ್ರಶಿಕ್ಷಣಾರ್ಥಿಯ ಪಕ್ಕ ಕೂರಿಸಿ, ನೀರು ಕುಡಿಸಿ. ಆಟ ಮುಗಿದ ಮೇಲೆ ನೀವೇ ಹೋಗಿ ಮಾತಾಡಿಸಿ.

ಇನ್ನೊಂದು ಕಷ್ಟದ ಪ್ರಶ್ನೆ: ಹುಡುಗ ನಿಜವಾಗಿಯೂ ಮುಟ್ಟಿದ್ದರೆ? ನಮ್ಮ ಕಣ್ಣೇ ತಪ್ಪಿದ್ದರೆ? ತೀರ್ಪಿನ ಸರಿತಪ್ಪು ಒಂದು ವಿಷಯ, ಮಣ್ಣೆಸೆದದ್ದು ಇನ್ನೊಂದು. ತೀರ್ಪು ತಪ್ಪಾಗಿತ್ತೆಂದು ಮಣ್ಣೆಸೆದದ್ದು ಸರಿಯಾಗುವುದಿಲ್ಲ; ಮಣ್ಣೆಸೆದನೆಂದು ನಮ್ಮ ತೀರ್ಪೂ ಸರಿಯಾಗುವುದಿಲ್ಲ. ಕಾರ್ಡ್ ತೋರಿಸಿದವರು ಆಟ ಮುಗಿದ ಮೇಲೆ "ಆ ಮುಟ್ಟು ನನಗ ಕಾಣಲಿಲ್ಲಪ್ಪಾ, ನನ್ನ ತಪ್ಪಿರಬಹುದು" ಎಂದರೆ ಗೌರವ ಕಡಿಮೆಯಾಗುವುದಿಲ್ಲ. ಅದನ್ನು ಕೇಳಿದ ಹುಡುಗ ಮುಂದಿನ ಸಲ ಮಣ್ಣಿಗೆ ಕೈ ಹಾಕುವ ಮೊದಲು ನಾಯಕನ ಮೂಲಕ ಕೇಳಬಹುದು ಎಂಬುದನ್ನು ಕಲಿಯುತ್ತಾನೆ.

ಪ್ರಶಿಕ್ಷಣಾರ್ಥಿಗಳಿಗೆ ಕ್ರಮ

ಮೇಲಿನ ಸನ್ನಿವೇಶಕ್ಕೆ ಮರಳೋಣ. ಹೀಗೆ ಮಾಡಬಹುದು:

1. ಸೀಟಿ ಊದಿ ಆಟ ನಿಲ್ಲಿಸಿ. ಹುಡುಗನ ಕಡೆ ಓಡಬೇಡಿ. ನಿಂತಲ್ಲೇ ಒಂದು ಉಸಿರು ತೆಗೆದುಕೊಳ್ಳಿ.
2. ಇನ್ನೊಂದು ಬದಿಯ ಅಂಪೈರ್ ಏನು ಕಂಡರೆಂದು ಕೇಳಿ. ಅದು ವಿದ್ಯಾರ್ಥಿಯೇ ಆಗಿದ್ದರೂ ಕೇಳಿ.
3. ತಂಡದ ನಾಯಕನನ್ನು ಕರೆದು, ಕೃತ್ಯವನ್ನು ಒಂದೇ ವಾಕ್ಯದಲ್ಲಿ ಹೇಳಿ: "ಮಣ್ಣು ಎಸೆದದ್ದಕ್ಕೆ ಹಳದಿ."
4. ಕಾರ್ಡ್ ತೋರಿಸಿ, ಸ್ಕೋರರ್‌ಗೆ ಹೇಳಿ ಅಂಕಪಟ್ಟಿಯಲ್ಲಿ ಬರೆಸಿ, ಗಡಿಯಾರ ನೋಡಿ.
5. ಕೂಡಲೇ ಮುಂದಿನ ದಾಳಿಗೆ ಸೀಟಿ ಊದಿ. ಉಪದೇಶ ಬೇಡ.
6. 2 ನಿಮಿಷ ಮುಗಿದೊಡನೆ ಹುಡುಗನನ್ನು ಹೆಸರು ಹಿಡಿದು ಒಳಗೆ ಕರೆಯಿರಿ.

ಇದನ್ನು ಕಾಲೇಜಿನಲ್ಲಿಯೇ ಅಭ್ಯಾಸ ಮಾಡಬಹುದು. ಸೂಕ್ಷ್ಮಬೋಧನೆಯಲ್ಲಿ ಒಂದೊಂದೇ ಕೌಶಲವನ್ನು ಬಿಡಿಸಿ ಕಲಿಯುವಂತೆ, ಸಹಪಾಠಿಗಳೇ ಆಟಗಾರರಾಗಿ ವಾದಿಸಲಿ, ಕೂಗಲಿ. ಒಬ್ಬರು ತೀರ್ಪು ಕೊಡಲಿ, ಮಿಕ್ಕವರು ಈ ಆರು ಹೆಜ್ಜೆಗಳಲ್ಲಿ ಯಾವುದು ತಪ್ಪಿತೆಂದು ಗುರುತಿಸಲಿ. ಹೆಚ್ಚಾಗಿ ತಪ್ಪುವುದು ಐದನೆಯದು ಮತ್ತು ಆರನೆಯದು. ಹೊರಗೆ ಕಳಿಸುವುದು ಎಲ್ಲರಿಗೂ ಬರುತ್ತದೆ. ಮಾತು ನಿಲ್ಲಿಸುವುದು, ಮರಳಿ ಕರೆಯುವುದು ಅಭ್ಯಾಸದಿಂದಲೇ ಬರಬೇಕು.

ತರಗತಿಯಲ್ಲಿ ಕಾರ್ಡ್ ಇರುವುದಿಲ್ಲ. ಆದರೆ ಹೇಳಿದ ನಿಯಮ, ಅಳತೆಯ ಶಿಕ್ಷೆ, ಬರೆದಿಟ್ಟ ದಾಖಲೆ, ಮುಗಿದ ಮೇಲೆ ಮರೆತುಬಿಡುವ ಮನಸ್ಸು ಇವು ಅಲ್ಲಿಗೂ ಬೇಕು. "ಕ್ಲಾಸಿನಿಂದ ಹೊರಗೆ ನಡಿ" ಎಂದು ಹೇಳುವ ಮುನ್ನ ಆ ಮಗು ಯಾವಾಗ ಒಳಗೆ ಬರಬೇಕೆಂದು ನಿಮಗೆ ಗೊತ್ತಿದೆಯೇ, ನೋಡಿಕೊಳ್ಳಿ. ಗೊತ್ತಿಲ್ಲದಿದ್ದರೆ ಆ ಮಾತನ್ನು ಆಡಬೇಡಿ.