ಗಾಲಿಕುರ್ಚಿಯ ರಿಮ್ ಆರಿಸುವ ಮುನ್ನ ಅಂಗೈ ನೋಡಿ

ಮಳೆಗಾಲದಲ್ಲಿ ಗಾಲಿಕುರ್ಚಿಯಲ್ಲಿ ಮಸೀದಿಗೆ ಬರುವವರನ್ನು ಗಮನಿಸಿದ್ದೀರಾ? ವುಝೂ ಮಾಡಿದ ಒದ್ದೆ ಕೈ, ಮಳೆಹನಿ ಬಿದ್ದ ಉಕ್ಕಿನ ಬಳೆ. ತಳ್ಳಿದರೆ ಕೈ ಜಾರುತ್ತದೆ. ರ್‍ಯಾಂಪಿನ ನಡುವೆ ಜಾರಿದರೆ ಕುರ್ಚಿ ಹಿಂದಕ್ಕೆ ಬರುತ್ತದೆ, ಯಾರಾದರೂ ಓಡಿಬಂದು ಹಿಡಿಯಬೇಕಾಗುತ್ತದೆ. ಹೀಗೆ ಎರಡು ಮೂರು ಬಾರಿ ಆದ ಮೇಲೆ ಒಬ್ಬರೇ ಹೊರಡುವ ಧೈರ್ಯ ಹೋಗುತ್ತದೆ. "ಇನ್ನು ಮನೆಯಲ್ಲೇ ನಮಾಝ್ ಮಾಡುತ್ತೇನೆ" ಎನ್ನುತ್ತಾರೆ. ಮನೆಯವರು ಕಾಯಿಲೆ ಹೆಚ್ಚಾಯಿತೆಂದು ಭಾವಿಸುತ್ತಾರೆ. ಎಷ್ಟೋ ಸಲ ಹೆಚ್ಚಾದದ್ದು ಕಾಯಿಲೆಯಲ್ಲ; ಕೈಗೆ ಹಿಡಿತ ಸಿಗುತ್ತಿಲ್ಲ, ಅಷ್ಟೇ.

ಕುರ್ಚಿಯ ದೊಡ್ಡ ಚಕ್ರದ ಹೊರಮಗ್ಗುಲಿಗೆ, ಟಯರಿಗಿಂತ ಸ್ವಲ್ಪ ಚಿಕ್ಕದಾದ ಒಂದು ಬಳೆ ಇರುತ್ತದೆ. ಅದೇ ಹ್ಯಾಂಡ್‌ರಿಮ್. ಅಗ್ಗದ ಕುರ್ಚಿಗಳಲ್ಲಿ ಅದು ಸಾಮಾನ್ಯವಾಗಿ ಕ್ರೋಮ್ ಲೇಪಿಸಿದ ನುಣುಪಾದ ಉಕ್ಕಿನದು. ಬೇರೆಯವರು ಹಿಂದಿನಿಂದ ತಳ್ಳುವ ಕುರ್ಚಿಗೆ ಅಷ್ಟು ಸಾಕು. ಆದರೆ ಕುಳಿತವರೇ ದಿನವಿಡೀ ತಳ್ಳಿಕೊಳ್ಳುವುದಾದರೆ ಆ ಬಳೆಯೇ ಅವರ ಪಾದ.

ನುಣುಪಾದ ಬಳೆಯನ್ನು ತಿರುಗಿಸಬೇಕಾದರೆ ಅದನ್ನು ಬಿಗಿಯಾಗಿ ಅಮುಕಿ ಹಿಡಿಯಬೇಕು. ಮುಂದೆ ಸಾಗಲು ಬೇಕಾದ ಶಕ್ತಿ ಒಂದಾದರೆ, ಬಳೆ ಜಾರದಂತೆ ಹಿಡಿದಿಡುವ ಶಕ್ತಿ ಇನ್ನೊಂದು. ಈ ಎರಡನೆಯದು ಪೂರ್ತಿ ದಂಡ. ದಿನಕ್ಕೆ ನೂರಾರು ಬಾರಿ ಹೀಗೆ ಅಮುಕುವುದರಿಂದ ಬೆರಳು, ಮಣಿಕಟ್ಟು, ಭುಜ ಎಲ್ಲವೂ ಸವೆಯುತ್ತವೆ. ವರ್ಷಗಟ್ಟಲೆ ಕುರ್ಚಿ ತಳ್ಳುವವರಲ್ಲಿ ಭುಜನೋವು ಮತ್ತು ಮಣಿಕಟ್ಟಿನ ನರ ಒತ್ತಿಹೋಗುವ ಕಾರ್ಪಲ್ ಟನಲ್ ತೊಂದರೆ ತೀರಾ ಸಾಮಾನ್ಯ. ರಬ್ಬರ್ ಹೊದಿಸಿದ ರಿಮ್ ಆದರೆ ಅಂಗೈಯನ್ನು ಒತ್ತಿದರೆ ಸಾಕು, ಬಳೆ ಕೈಯೊಂದಿಗೆ ಬರುತ್ತದೆ. ಬೆರಳು ಪೂರ್ತಿ ಮಡಚಲಾಗದವರಿಗೆ, ಸಂಧಿವಾತ ಇರುವವರಿಗೆ, ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಕೈಬಲ ಕುಂದಿದವರಿಗೆ ಇದು ದೊಡ್ಡ ಉಪಕಾರ.

ಹಾಗಾದರೆ ಎಲ್ಲರೂ ರಬ್ಬರೇ ಹಾಕಿಸಿಕೊಳ್ಳಬಹುದಲ್ಲವೇ? ಇಲ್ಲ. ಅಂಗಡಿಯವರು ಹೇಳದ ಸಂಗತಿ ಇಲ್ಲಿದೆ.

ಇಳಿಜಾರಿನಲ್ಲಿ ಕುರ್ಚಿಗೆ ಬ್ರೇಕ್ ಎಂದರೆ ಕುಳಿತವರ ಅಂಗೈ. ಪಕ್ಕದಲ್ಲಿರುವ ಲಿವರ್ ಕುರ್ಚಿಯನ್ನು ನಿಂತಲ್ಲೇ ನಿಲ್ಲಿಸಲು ಮಾತ್ರ. ಓಡುತ್ತಿರುವಾಗ ಎಳೆದರೆ ಮುಗ್ಗರಿಸಿ ಬೀಳುತ್ತೀರಿ. ಆದ್ದರಿಂದ ಬಳೆಯನ್ನು ಕೈಯೊಳಗೆ ಮೆಲ್ಲಗೆ ಜಾರಬಿಡುತ್ತಾ ಇಳಿಯಬೇಕು. ಉಜ್ಜಿದಾಗ ಹುಟ್ಟುವ ಬಿಸಿಯನ್ನು ಲೋಹ ತಾನೇ ಎಳೆದುಕೊಂಡು ಬಳೆಯುದ್ದಕ್ಕೂ ಹರಡುತ್ತದೆ. ರಬ್ಬರ್ ಹಾಗಲ್ಲ. ಅದು ಜಾರಲು ಬಿಡುವುದಿಲ್ಲ, ಬಿಸಿಯನ್ನೂ ತೆಗೆದುಕೊಳ್ಳುವುದಿಲ್ಲ. ಇಡೀ ಬಿಸಿ ಚರ್ಮಕ್ಕೆ. ಉದ್ದನೆಯ ಒಂದು ಇಳಿಜಾರು ಸಾಕು, ಅಂಗೈಯಲ್ಲಿ ಬೊಬ್ಬೆ ಏಳುತ್ತದೆ.

ವಿಪರ್ಯಾಸವೆಂದರೆ, ರಬ್ಬರ್ ಅತಿ ಹೆಚ್ಚು ಬೇಕಾದ ಕೈಗಳೇ ಕೆಲವೊಮ್ಮೆ ಸ್ಪರ್ಶ ಕಳೆದುಕೊಂಡ ಕೈಗಳೂ ಆಗಿರುತ್ತವೆ. ಬೆನ್ನುಹುರಿಯ ಪೆಟ್ಟು, ಹಳೆಯ ಸಕ್ಕರೆ ಕಾಯಿಲೆ, ಕುಷ್ಠರೋಗದಿಂದ ನರ ಕೆಟ್ಟದ್ದು, ಯಾವುದಾದರೂ ಇರಬಹುದು. ಸುಟ್ಟದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಅಂಥವರಿದ್ದರೆ ವುಝೂ ಮಾಡುವಾಗಲೆಲ್ಲ ಎರಡೂ ಅಂಗೈಗಳನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಾಡಿಸಿ. ಕೆಂಪು, ಬೊಬ್ಬೆ, ಬಿರುಕು ಕಂಡರೆ ಗಾಯವಾಗುವ ಮೊದಲೇ ತಿಳಿಯುತ್ತದೆ. ಐದು ಹೊತ್ತಿನ ಇಂಥ ತಪಾಸಣೆ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ?

ಆದ್ದರಿಂದ ಮನೆಯ ಸುತ್ತಲಿನ ನೆಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಮತಟ್ಟಾದ ಊರಿನಲ್ಲಿ, ಹೆಚ್ಚಾಗಿ ಮನೆಯೊಳಗೇ ಓಡಾಡುವವರಿಗೆ ರಬ್ಬರ್ ಒಳ್ಳೆಯದು. ಕರಾವಳಿ ಮಲೆನಾಡಿನಂತೆ ಏರು ಇಳಿತವೇ ದಾರಿಯಾದ ಕಡೆ ಕೈಬಲ ಚೆನ್ನಾಗಿದ್ದರೆ ಲೋಹದ ರಿಮ್ ಮತ್ತು ಅಂಗೈಗೆ ಚರ್ಮ ಹೊಲಿದ, ಬೆರಳತುದಿ ತೆರೆದಿರುವ ಕೈಗವಸು ಹೆಚ್ಚು ಸುರಕ್ಷಿತ. ಎರಡೂ ಬೇಕೆನ್ನುವವರಿಗೆ ಇನ್ನೊಂದು ಬಗೆಯಿದೆ: ಹಿಡಿಯುವ ಬಳೆ ಲೋಹದ್ದು, ಬಳೆಗೂ ಚಕ್ರಕ್ಕೂ ನಡುವೆ ಹೆಬ್ಬೆರಳು ಕೂರುವಲ್ಲಿ ಮಾತ್ರ ರಬ್ಬರ್ ಪಟ್ಟಿ. ಪಟ್ಟಿಯನ್ನೊತ್ತಿ ಮುಂದಕ್ಕೆ ಹೋಗಬಹುದು, ಲೋಹವನ್ನು ಹಿಡಿದು ಇಳಿಯಬಹುದು. ನನ್ನ ಮಟ್ಟಿಗೆ ಇದೇ ಉತ್ತಮ, ಆದರೆ ದುಬಾರಿ. ಬೆರಳು ಮಡಚಲೇ ಆಗದವರಿಗೆ ಸುತ್ತಲೂ ಗೂಟಗಳಿರುವ ರಿಮ್ ಸಿಗುತ್ತದೆ. ಅದರಿಂದ ಕುರ್ಚಿ ಅಗಲವಾಗುತ್ತದೆ, ಬಚ್ಚಲು ಬಾಗಿಲನ್ನು ಮೊದಲು ಅಳೆದುಕೊಳ್ಳಿ.

ಪಾರ್ಶ್ವವಾಯುವಾಗಿ ಒಂದೇ ಕೈ ಉಳಿದವರಿಗೂ ರಬ್ಬರ್ ರಿಮ್ ತಂದುಕೊಡುವವರಿದ್ದಾರೆ. ಒಂದೇ ಕಡೆ ತಳ್ಳಿದರೆ ಕುರ್ಚಿ ತಿರುಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ, ರಿಮ್ ಯಾವುದಾದರೇನು? ಅವರಿಗೆ ಬೇಕಾದದ್ದು ಬೇರೆ ಬಗೆಯ ಕುರ್ಚಿ, ಅಥವಾ ಚೆನ್ನಾಗಿರುವ ಕಾಲಿನಿಂದ ನೆಲ ಒತ್ತಿ ಸಾಗುವಷ್ಟು ತಗ್ಗಾದ ಸೀಟು.

ಹಣ ಸುರಿಯುವ ಮುನ್ನ ಒಂದು ವಾರ ಪರೀಕ್ಷೆ ಮಾಡಿ. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ರಿಮ್ಮಿಗೆ ಬಿಗಿಯಾಗಿ ಸುತ್ತಿ, ತುದಿ ಏಳದಂತೆ ಅಂಟಿಸಿ. ಎರಡೂ ಚಕ್ರಗಳಿಗೆ ಒಟ್ಟಿಗೇ ಸುತ್ತಬೇಕು. ಒಂದಕ್ಕೆ ಮಾತ್ರವಾದರೆ ಕುರ್ಚಿ ಒಂದೇ ಕಡೆಗೆ ಎಳೆಯುತ್ತದೆ. ಭುಜದ ಆಯಾಸ ಕಡಿಮೆಯಾಯಿತೇ, ಇಳಿಯುವಾಗ ಅಂಗೈ ಉರಿಯಿತೇ ಎಂದು ಕೇಳಿ. ಉತ್ತರ ಅಲ್ಲೇ ಸಿಗುತ್ತದೆ. ಟಯರಿನಲ್ಲಿ ಗಾಳಿ ಕಡಿಮೆಯಿದ್ದರೆ ಯಾವ ರಿಮ್ ಹಾಕಿದರೂ ಕುರ್ಚಿ ಭಾರವೇ, ಅದನ್ನೂ ನೋಡಿಕೊಳ್ಳಿ. ಹುಟ್ಟಿನಿಂದ ಬೆನ್ನುಹುರಿಯ ದೋಷ, ಅಂದರೆ ಸ್ಪೈನಾ ಬೈಫಿಡಾ ಇರುವ ಮಕ್ಕಳಲ್ಲಿ ಅನೇಕರಿಗೆ ನೈಸರ್ಗಿಕ ರಬ್ಬರಿನ ಅಲರ್ಜಿ ಇರುತ್ತದೆ. ವೈದ್ಯರನ್ನು ಕೇಳದೆ ಅವರ ಕುರ್ಚಿಗೆ ರಬ್ಬರ್ ಸುತ್ತಬೇಡಿ.

ಕೊಳ್ಳುವುದೇ ಆದರೆ ಈಗಿರುವ ರಿಮ್ಮಿನ ವ್ಯಾಸ, ಎಷ್ಟು ಕಡೆ ಬೋಲ್ಟು ಹಾಕಿದ್ದಾರೆ, ಬೋಲ್ಟುಗಳ ನಡುವಿನ ಅಂತರ ಎಷ್ಟು ಎಂದು ಬರೆದುಕೊಂಡು ಹೋಗಿ. ಕೆಲವು ಅಗ್ಗದ ಕುರ್ಚಿಗಳಲ್ಲಿ ರಿಮ್ಮನ್ನು ಬದಲಿಸಲಾಗದಂತೆ ಕೂರಿಸಿರುತ್ತಾರೆ. ಅಂಥದ್ದಕ್ಕೆ ಮೇಲಿನಿಂದ ತೊಡಿಸುವ ರಬ್ಬರ್ ಕವರ್ ಒಂದೇ ದಾರಿ.

ಇನ್ನು ಶುಚಿತ್ವದ ಮಾತು. ರಸ್ತೆಯ ಕೊಳೆ ಟಯರಿನಿಂದ ರಿಮ್ಮಿಗೆ, ರಿಮ್ಮಿನಿಂದ ಕೈಗೆ, ಕೈಯಿಂದ ಊಟದ ತಟ್ಟೆಗೆ ಬರುತ್ತದೆ. ನುಣುಪು ಲೋಹಕ್ಕಿಂತ ರಬ್ಬರಿನಲ್ಲಿ ಕೊಳೆ ಹೆಚ್ಚು ಅಂಟುತ್ತದೆ. ಸೌಮ್ಯ ಸೋಪು ನೀರಿನಿಂದ ಒರೆಸಿ ಒಣಗಿಸಿ. ಸೀಮೆಎಣ್ಣೆ, ಪೆಟ್ರೋಲ್ ಬೇಡ. ತಲೆಗೆ ಎಣ್ಣೆ ಹಚ್ಚಿದ ಕೈಯಿಂದಲೂ ಹಿಡಿಯಬೇಡಿ, ಎಣ್ಣೆ ತಾಗಿದ ರಬ್ಬರ್ ಮೆತ್ತಗಾಗಿ ಅಂಟಂಟಾಗುತ್ತದೆ. ಅಂಗೈಗೆ ಬರಿಯ ಕಪ್ಪು ಕಲೆಯಾದರೆ ವುಝೂಗೆ ಅಡ್ಡಿಯಿಲ್ಲ. ನೀರು ತಾಗದಂತೆ ಪದರವಾಗಿ ಅಂಟಿದ್ದರೆ ಅದನ್ನು ತೆಗೆದೇ ವುಝೂ ಮಾಡಬೇಕು. ರಬ್ಬರ್ ಹರಿದಿದೆಯೇ ಎಂದು ವಾರಕ್ಕೊಮ್ಮೆ ಬಳೆಯುದ್ದಕ್ಕೂ ಕಣ್ಣಾಡಿಸಿ, ಎದ್ದ ಚೂರು ಬ್ಲೇಡಿನಂತೆ ಬೆರಳು ಕೊಯ್ಯುತ್ತದೆ. ಝುಹರ್ ಹೊತ್ತಿಗೆ ಮಸೀದಿಯ ಅಂಗಳದಲ್ಲಿ ಕುರ್ಚಿಯನ್ನು ಬಿಸಿಲಿಗೆ ನಿಲ್ಲಿಸಬೇಡಿ. ಕಪ್ಪು ರಬ್ಬರ್ ಕಾದರೆ ಹಿಂದಿರುಗುವಾಗ ಮುಟ್ಟಲಾಗುವುದಿಲ್ಲ.