ಗುರಿ ತಪ್ಪುವದೇಕೆ?

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈ ಶಾಲೆಯ ಅಂಗಳದಲ್ಲಿ ಲಗೋರಿಯನ್ನೂ ಥ್ರೋಬಾಲನ್ನೂ ಆಡಿ, ಗುರಿಯೆಂಬದರ ರುಚಿಯನ್ನು ಕಂಡವರು. ಅವರ ಹೆಣ್ಣುಮಕ್ಕಳಾದರೋ ಇಂದು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಕಾಣದ ಊರುಗಳಲ್ಲಿರುವ ಆಟಗಾರರೊಡನೆ ಬಂದೂಕಿನ ಆಟವನ್ನಾಡುತ್ತಾರೆ. ಇಂಥ ಆಟಕ್ಕೆ ಈ ಸಂಚಿಕೆಯಲ್ಲಿ ಸ್ಥಳ ಕೊಡುವದು ತಕ್ಕದ್ದೋ ಎಂದು ಕೆಲವು ತಂದೆತಾಯಿಗಳು ಸಂದೇಹಪಡಬಹುದು. ಆದುದರಿಂದ ಇದನ್ನು ಬರೆಯಲು ನಮ್ಮನ್ನು ಪ್ರೇರಿಸಿದ ಸಂಗತಿಯನ್ನೇ ಮೊದಲು ಅರಿಕೆಮಾಡುತ್ತೇವೆ.

ಕಳೆದ ಬೇಸಗೆಯ ರಜೆಯಲ್ಲಿ, ಈಗ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಡನೆ ನಮ್ಮನ್ನು ಕಾಣಲು ಬಂದಳು. ಮಾತಿಗೆ ಮಾತು ಬಂದು, “ಎಷ್ಟು ಆಡಿದರೂ ನನಗೆ ಗುರಿ ಸಿಕ್ಕುವದಿಲ್ಲ, ಟೀಚರ್. ಅದು ಹುಡುಗಿಯರ ಕೈಗೆ ಬರುವ ವಿದ್ಯೆಯಲ್ಲವೆಂದು ಅಣ್ಣ ಹೇಳುತ್ತಾನೆ” ಎಂದಳು. ಅವಳ ಧ್ವನಿಯನ್ನು ಕೇಳಿದೊಡನೆ ಅಪರಿಚಿತ ಆಟಗಾರರು ಹಾಸ್ಯಮಾಡಿದ್ದರಿಂದ ಮೈಕನ್ನು ಮುಚ್ಚಿ, ಮೂಕಳಂತೆ ಆಡುತ್ತಿದ್ದಳಂತೆ. ಆಟವು ಬಾರದಿದ್ದರೆ ದೊಡ್ಡ ನಷ್ಟವೇನೂ ಇಲ್ಲ. ಆದರೆ “ನನ್ನ ಕೈಗೆ ಬರುವದಿಲ್ಲ” ಎಂಬ ಮಾತನ್ನು ನಾವು ಗಣಿತದ ತರಗತಿಯಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ಬಹಳ ಸಾರಿ ಕೇಳಿದ್ದೇವೆ. ಪರೀಕ್ಷಿಸದೆ ಆ ಮಾತನ್ನು ಒಪ್ಪಿಕೊಳ್ಳುವ ಅಭ್ಯಾಸ ನಮ್ಮದಲ್ಲ. ಆದಕಾರಣ ಅವಳ ಮನೆಗೆ ಹೋಗಿ, ಪಕ್ಕದಲ್ಲಿ ಕುಳಿತು ನೋಡಿದೆವು.

ಅವಳು ಆಡುತ್ತಿದ್ದದ್ದು 2020ನೆಯ ಇಸವಿಯ ಜೂನ್ ತಿಂಗಳಲ್ಲಿ ಪ್ರಕಟವಾದ ವ್ಯಾಲೊರಂಟ್ ಎಂಬ ಆಟ. ಇದರಲ್ಲಿ ಐದೈದು ಜನರ ಎರಡು ಪಂಗಡಗಳಿರುತ್ತವೆ. ಆಟಗಾರ್ತಿಯು ತನ್ನ ಕಣ್ಣಿನಿಂದಲೇ ನೋಡುವಂತೆ ಎದುರಿನ ದೃಶ್ಯವು ಪರದೆಯ ಮೇಲೆ ಕಾಣುವದು. ಅದರ ನಟ್ಟನಡುವೆ ಕ್ರಾಸ್‌ಹೇರ್ ಎಂಬ ಸಣ್ಣ ಗುರುತು ನಿಂತಿರುವದು. ಎಡಗೈಯ ಕೀಲಿಗಳಿಂದ ನಡೆಯುವದು, ಬಲಗೈಯ ಮೌಸಿನಿಂದ ನೋಟವನ್ನು ತಿರುಗಿಸುವದು, ಗುರುತು ಎದುರಾಳಿಯ ಮೇಲೆ ಬಂದಾಗ ಗುಂಡಿಯನ್ನೊತ್ತುವದು, ಇಷ್ಟೇ ಕೆಲಸ.

ಗುರಿಯ ಮೊದಲನೆಯ ಅಂಗವು ಅಳತೆ. ಮೌಸನ್ನು ಒಂದು ಅಂಗುಲ ಸರಿಸಿದಾಗ ಅದು ಕಂಪ್ಯೂಟರಿಗೆ ಎಷ್ಟು ಎಣಿಕೆಗಳನ್ನು ಕಳುಹಿಸುವದೋ ಆ ಸಂಖ್ಯೆಗೆ ಡಿ.ಪಿ.ಐ. ಎಂದು ಹೆಸರು. ಆ ಎಣಿಕೆಯೊಂದಕ್ಕೆ ನೋಟವು ಎಷ್ಟು ತಿರುಗಬೇಕೆಂಬದನ್ನು ಆಟದೊಳಗಿನ ಸೆನ್ಸಿಟಿವಿಟಿಯು ಗೊತ್ತುಮಾಡುವದು. ಅವಳು ಅಣ್ಣನ ಮೌಸಿನಲ್ಲಿ, ಅಣ್ಣನ ಅಳತೆಯಲ್ಲಿಯೇ ಆಡುತ್ತಿದ್ದಳು: ಡಿ.ಪಿ.ಐ. 1600, ಸೆನ್ಸಿಟಿವಿಟಿ 0.8. ಲೆಕ್ಕಹಾಕಿ ನೋಡಿದರೆ, ಕೈಯನ್ನು ಸುಮಾರು 10 ಸೆಂಟಿಮೀಟರ್, ಅಂದರೆ ಅರ್ಧ ಗೇಣಿಗೂ ಕಡಿಮೆ ಸರಿಸಿದರೆ ನೋಟವು ಒಂದು ಪೂರ್ತಿ ಸುತ್ತು ತಿರುಗುತ್ತಿತ್ತು. ಹೀಗಿರುವಾಗ ಕೈ ಒಂದು ಮಿಲಿಮೀಟರ್ ತಪ್ಪಿದರೆ ಗುರುತು ಸುಮಾರು ಮೂರೂವರೆ ಡಿಗ್ರಿ ಸರಿದುಹೋಗುವದು. ಇಪ್ಪತ್ತು ಮೀಟರ್ ದೂರದಲ್ಲಿ ನಿಂತವನ ತಲೆಯಾದರೋ ಒಂದು ಡಿಗ್ರಿಯಷ್ಟೂ ಅಗಲವಾಗಿ ಕಾಣದು. ದಬ್ಬಣದಿಂದ ರೇಷ್ಮೆಯ ಕಸೂತಿಯನ್ನು ಹಾಕೆಂದು ಹೇಳಿ, ಹೊಲಿಗೆ ಕೆಟ್ಟಾಗ ಹುಡುಗಿಯ ಬೆರಳನ್ನು ದೂರಿದಂತಾಯಿತು!

ಈ ಆಟದಲ್ಲಿ ನುರಿತವರು ಈ ಎರಡು ಸಂಖ್ಯೆಗಳ ಗುಣಲಬ್ಧವನ್ನು ಸಾಮಾನ್ಯವಾಗಿ 200ರಿಂದ 400ರೊಳಗೆ ಇಟ್ಟುಕೊಳ್ಳುತ್ತಾರೆ. ಅವಳದು 1280 ಆಗಿತ್ತು. ನಾವು ಅದನ್ನು 800 ಮತ್ತು 0.35ಕ್ಕೆ ಇಳಿಸಿದೆವು. ಈಗ ಪೂರ್ತಿ ಸುತ್ತಿಗೆ 47 ಸೆಂಟಿಮೀಟರ್, ಅಂದರೆ ಸುಮಾರು ಒಂದು ಮೊಳ ಬೇಕಾಗುವದು. ಇದಕ್ಕೆ ಅಗಲವಾದ ಮೌಸ್‌ಪ್ಯಾಡು ಬೇಕು. ದೊಡ್ಡ ತಿರುವನ್ನು ಮೊಣಕೈಯಿಂದಲೂ ಸಣ್ಣ ತಿದ್ದುಪಡಿಯನ್ನು ಮಣಿಕಟ್ಟು ಬೆರಳುಗಳಿಂದಲೂ ಮಾಡಬೇಕು. ಕೈಯ ವೇಗವನ್ನು ನೋಡಿ ತಿರುವನ್ನು ಹೆಚ್ಚುಕಡಿಮೆ ಮಾಡುವ ಮೌಸ್ ಎಕ್ಸೆಲರೇಶನ್ ಎಂಬ ಏರ್ಪಾಡಿದ್ದರೆ ಅದನ್ನು ನಿಲ್ಲಿಸತಕ್ಕದ್ದು. ಅಳತೆಯು ಗಳಿಗೆಗೊಮ್ಮೆ ಬದಲಾದರೆ ಕೈ ಯಾವದನ್ನು ಕಲಿತೀತು? ಅದೇ ಕಾರಣದಿಂದ, ಒಮ್ಮೆ ಗೊತ್ತುಮಾಡಿದ ಅಳತೆಯನ್ನು ಸೋತಾಗಲೆಲ್ಲ ತಿದ್ದುತ್ತ ಕೂರಬಾರದು.

ಎರಡನೆಯ ಅಂಗವು ಮುಂದಾಲೋಚನೆ. ಕಣ್ಣು ಕಂಡದ್ದಕ್ಕೆ ಬೆರಳು ಉತ್ತರ ಕೊಡಲು ಸಾಮಾನ್ಯ ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದರಿಂದ ನಾಲ್ಕನೆಯ ಒಂದು ಭಾಗದಷ್ಟು ಕಾಲ ಬೇಕು. ಇದನ್ನು ಬಹಳವಾಗಿ ತಗ್ಗಿಸುವದು ಯಾರಿಗೂ ಸಾಧ್ಯವಿಲ್ಲ; ಆದರೆ ಕೈ ಸಾಗಬೇಕಾದ ದೂರವನ್ನು ತಗ್ಗಿಸಬಹುದು. ಅಮೆರಿಕೆಯ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ಎಂಬವರು 1954ರಲ್ಲಿ ತೋರಿಸಿಕೊಟ್ಟಂತೆ, ಗುರಿಯು ದೂರವಾದಷ್ಟೂ ಕಿರಿದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಹಿಡಿಯುವದು. ನಮ್ಮ ಹುಡುಗಿಯು ನಡೆಯುವಾಗ ಗುರುತನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದಳು. ಎದುರಾಳಿ ಕಂಡೊಡನೆ ಗಾಬರಿಯಿಂದ ಮೇಲಕ್ಕೆತ್ತುತ್ತಿದ್ದಳು. ಗುರುತನ್ನು ಯಾವಾಗಲೂ ತಲೆಯ ಮಟ್ಟದಲ್ಲಿಟ್ಟು, ಶತ್ರುವು ಹೊರಬರುವ ಮೂಲೆಯ ಅಂಚಿಗೆ ಹೊಂದಿಸಿಕೊಂಡೇ ನಡೆಯಬೇಕೆಂದು ಹೇಳಿದೆವು. ತಲೆಯ ಮಟ್ಟವೇ ಏಕೆಂದರೆ, ಈ ಆಟದ ವ್ಯಾಂಡಲ್ ಎಂಬ ಬಂದೂಕಿನ ಒಂದು ಗುಂಡು ತಲೆಗೆ ತಾಗಿದರೆ 160 ಅಂಕಗಳ ಪೆಟ್ಟು, ಮೈಗೆ ತಾಗಿದರೆ 40 ಮಾತ್ರ. ಭಾರಿ ಕವಚವನ್ನು ತೊಟ್ಟ ಎದುರಾಳಿಗೆ 150 ಅಂಕಗಳ ಬಲವಿರುವದರಿಂದ, ಒಂದು ಗುಂಡಿನ ಕೆಲಸಕ್ಕೆ ನಾಲ್ಕು ಬೇಕಾಗುವವು.

ಮೂರನೆಯ ಅಂಗವು ನಿಲ್ಲುವದು. ಓಡುತ್ತ ಹಾರಿಸಿದ ಗುಂಡು, ಗುರುತು ಸರಿಯಾಗಿದ್ದರೂ ಅತ್ತಿತ್ತ ಚೆದರುವಂತೆ ಆಟವನ್ನು ರಚಿಸಿದ್ದಾರೆ. ವ್ಯಾಲೊರಂಟಿನಲ್ಲಿ ನಡೆಯುವ ಕೀಲಿಯನ್ನು ಬಿಟ್ಟು, ಕೌಂಟರ್‌ಸ್ಟ್ರೈಕಿನಲ್ಲಿ ಎದುರು ದಿಕ್ಕಿನ ಕೀಲಿಯನ್ನು ಒಮ್ಮೆ ತಟ್ಟಿ, ಪಾದವು ನಿಂತ ಮೇಲೆಯೇ ಹಾರಿಸಬೇಕು. ಗುಂಡಿಯನ್ನು ಒತ್ತಿಹಿಡಿದರೆ ಬಂದೂಕು ಒದೆದು ಮೇಲಕ್ಕೇಳುವದು. ದೂರದವರಿಗೆ ಒಂದೆರಡು ಗುಂಡುಗಳನ್ನು ಹಾರಿಸಿ ತುಸು ತಡೆಯುವದೇ ಮೇಲು.

ಇನ್ನು ಅಭ್ಯಾಸದ ವಿಷಯ. ಕೈಯು ಗುರಿಗೆ ಹೋಗುವ ಚಲನೆಯಲ್ಲಿ ಎರಡು ಭಾಗಗಳಿವೆಯೆಂದು ವುಡ್‌ವರ್ತ್ ಎಂಬ ಶಾಸ್ತ್ರಜ್ಞರು 1899ರಷ್ಟು ಹಿಂದೆಯೇ ವಿವರಿಸಿದರು: ಮೊದಲು ಒಂದು ದೊಡ್ಡ ನೆಗೆತ, ಅನಂತರ ಕಣ್ಣಿನ ಸಹಾಯದಿಂದ ಸಣ್ಣ ತಿದ್ದುಪಡಿ. ಹೊಸಬರು ನೆಗೆತವಾದೊಡನೆ ಗುಂಡಿಯನ್ನೊತ್ತಿಬಿಡುತ್ತಾರೆ. ಆದುದರಿಂದ ಆಟದೊಳಗಿನ ಅಭ್ಯಾಸದ ಅಂಗಣದಲ್ಲಿ ದಿನಕ್ಕೆ ಹದಿನೈದು ನಿಮಿಷ, ಮೊದಲು ನಿಧಾನವಾಗಿ, ಒಂದೂ ತಪ್ಪದಂತೆ ಹೊಡೆಯುವದನ್ನು ಕಲಿತು, ತರುವಾಯ ವೇಗವನ್ನು ಹೆಚ್ಚಿಸಬೇಕು. ಕಣ್ಣು ಗುರುತನ್ನಲ್ಲ, ಗುರಿಯನ್ನು ನೋಡಲಿ. ಒಂದು ದಿನ ಒಂದೇ ತಪ್ಪನ್ನು ತಿದ್ದಲಿ. ಭಾನುವಾರ ಐದು ಗಂಟೆ ಆಡಿ ವಾರವೆಲ್ಲ ಬಿಡುವದಕ್ಕಿಂತ ದಿನದಿನದ ಕಾಲುಗಂಟೆ ಲೇಸು. ಮೊಬೈಲಿನಲ್ಲಿ ಬಿ.ಜಿ.ಎಂ.ಐ. ಮುಂತಾದವುಗಳನ್ನಾಡುವವರಿಗೆ ಮೌಸಿನ ಬದಲು ಹೆಬ್ಬೆರಳೂ ಫೋನನ್ನು ವಾಲಿಸಿ ಗುರಿಯಿಡುವ ಜೈರೊಸ್ಕೋಪೂ ಸಾಧನಗಳು. ಸ್ಥಿರವಾದ ಅಳತೆ, ತಲೆಯ ಮಟ್ಟ, ನಿಧಾನದ ಅಭ್ಯಾಸ ಎಂಬ ನಿಯಮಗಳು ಅಲ್ಲಿಯೂ ಇವೇ.

ತಂದೆತಾಯಿಗಳಿಗೆ ನಮ್ಮ ಬಿನ್ನಹವಿಷ್ಟು. ಆಟಕ್ಕೆ ಗೊತ್ತುಮಾಡಿರುವ ವಯಸ್ಸಿನ ಮಿತಿಯನ್ನು ನೋಡಿರಿ, ಹೊತ್ತಿಗೆ ಎಲ್ಲೆಯನ್ನಿಡಿರಿ, ಮಣಿಕಟ್ಟು ನೊಂದರೆ ಆಟವನ್ನು ನಿಲ್ಲಿಸಿರಿ, ಹೀನವಾಗಿ ಮಾತಾಡುವವರ ಧ್ವನಿಯನ್ನು ಮುಚ್ಚುವ ಬಗೆಯನ್ನೂ ದೂರು ಕೊಡುವ ಬಗೆಯನ್ನೂ ಮಗಳಿಗೆ ಕಲಿಸಿರಿ. ಮುಚ್ಚಬೇಕಾದದ್ದು ಅವರ ಬಾಯಿ, ಅವಳದಲ್ಲ. ವ್ಯಾಲೊರಂಟಿನ ಒಡೆಯರು ಸ್ತ್ರೀಯರಿಗಾಗಿ 2021ರಲ್ಲಿ ಗೇಮ್ ಚೇಂಜರ್ಸ್ ಎಂಬ ಪಂದ್ಯಾವಳಿಯನ್ನು ಆರಂಭಿಸಿದರು. 2022ರಲ್ಲಿ ಬರ್ಲಿನ್ ನಗರದಲ್ಲಿ ಅದರ ಜಾಗತಿಕ ಪಂದ್ಯವೇ ನಡೆಯಿತು. ಹೆಣ್ಣಿನ ಕೈಗೆ ಬಾರದ ವಿದ್ಯೆಯೆಂಬ ಮಾತಿಗೆ ಬೇರೆ ಉತ್ತರ ಬೇಕಿಲ್ಲ.

ನಮ್ಮ ಹುಡುಗಿಯು ಪಂದ್ಯಗಳನ್ನು ಗೆಲ್ಲುವಷ್ಟು ಪ್ರವೀಣಳಾಗಲಿಲ್ಲ. ಆದರೆ ರಜೆ ಮುಗಿಯುವದರೊಳಗೆ ಅಣ್ಣನ ಸಮಕ್ಕೆ ಹೊಡೆಯುತ್ತಿದ್ದಳು. ಅದಕ್ಕಿಂತ ನಮಗೆ ಸಂತೋಷವಾದದ್ದೆಂದರೆ, ಮೈಕನ್ನು ತೆರೆದು, ಶತ್ರುಗಳು ಯಾವ ಮೂಲೆಯಲ್ಲಿದ್ದಾರೆಂದು ತನ್ನ ಪಂಗಡಕ್ಕೆ ಗಟ್ಟಿಯಾಗಿ ತಿಳಿಸುತ್ತಿದ್ದಳು. ಈಗ ಅವರ ಮೇಜಿನ ಮೇಲೆ ಎರಡು ಚೀಟಿಗಳನ್ನು ಅಂಟಿಸಿದ್ದಾರೆ, ಒಂದರಲ್ಲಿ ಅವಳ ಅಳತೆ, ಇನ್ನೊಂದರಲ್ಲಿ ಅಣ್ಣನದು. ಅಣ್ಣನೂ ತನ್ನ ಸಂಖ್ಯೆಯನ್ನು ಸದ್ದಿಲ್ಲದೆ ಇಳಿಸಿಕೊಂಡಿದ್ದಾನೆಂದು ತಾಯಿ ನಕ್ಕು ಹೇಳಿದರು.

ಪ್ರಿಯ ಸೋದರಿಯರೇ, ನಿಮ್ಮ ಮಕ್ಕಳು ಯಾವದಾದರೊಂದು ಕೆಲಸದಲ್ಲಿ “ನನ್ನ ಕೈಗೆ ಬರುವದಿಲ್ಲ” ಎಂದು ಕೈಚೆಲ್ಲಿ ಕುಳಿತಾಗ, ಅವರು ಯಾರ ಅಳತೆಯಲ್ಲಿ ಆಡುತ್ತಿದ್ದಾರೆಂದು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿರಿ.